ಘಾಟಿಯಲ್ಲಿ ಮೂತಿ ಮುಳುಗಿಸದ ಫೋರ್ಕ್: ನನ್ನ ಅನುಭವ

ನನ್ನದು 2008ರ ಪಲ್ಸರ್ 150. ಅಕ್ಕನ ಮನೆ ಉಜಿರೆಯಲ್ಲಿ, ನಾವಿರೋದು ಮೂಡಿಗೆರೆ ಕಡೆ. ಹಾಗಾಗಿ ತಿಂಗಳಿಗೆ ಎರಡು ಮೂರು ಸಲವಾದರೂ ಚಾರ್ಮಾಡಿ ಇಳಿದು ಹತ್ತಬೇಕು. ಗಾಡಿ ಎಂಬತ್ತು ಸಾವಿರ ಕಿಲೋಮೀಟರ್ ದಾಟಿದ ಮೇಲೆ ತಿರುವಿನಲ್ಲಿ ಬ್ರೇಕ್ ಹಿಡಿದರೆ ಸಾಕು, ಮೂತಿ ಪೂರಾ ತಗ್ಗಿ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ, ಒಳಗೆ ಸ್ಪ್ರಿಂಗ್ ಮತ್ತು ಆಯಿಲ್ ಇರುವ ಎರಡು ಕಾಲು) ಠಕ್ ಅಂತ ತಳ ಮುಟ್ಟುತ್ತಿತ್ತು. "ಹೊಸ ಫೋರ್ಕ್ ಸೆಟ್ ಹಾಕ್ಸಿಬಿಡಿ ಸಾರ್, ಇದು ಮನೇಲಿ ಆಗೋ ಕೆಲ್ಸ ಅಲ್ಲ" ಅಂದರು ಮೆಕ್ಯಾನಿಕ್. ಭಾವನೂ ಅದೇ ಹೇಳಿದರು. ಆದರೂ ಮನೆಯಲ್ಲೇ ಬಿಚ್ಚಿ ಸರಿ ಮಾಡಿದೆ. ಈಗ ಒಂದೂವರೆ ವರ್ಷವಾಯಿತು, ಹದಿನಾಲ್ಕು ಸಾವಿರ ಕಿಲೋಮೀಟರ್ ಓಡಿದೆ, ಎರಡು ಮಳೆಗಾಲ ಕಂಡಿದೆ. ಆಯಿಲ್ ಹೊರಗೆ ಬರದಂತೆ ತಡೆಯುವ ರಬ್ಬರ್ ಸೀಲ್ ಹತ್ತಿರ ಬೆರಳು ಸವರಿದರೆ ಒಣಗಿದ ಧೂಳು ಬಿಟ್ಟು ಬೇರೇನೂ ಸಿಗಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಫೋರ್ಕಿನೊಳಗೆ ಮಂದವಾದ 20ಡಬ್ಲ್ಯೂ-40 ಇಂಜಿನ್ ಆಯಿಲ್ ತುಂಬಿಸಿದೆ. ಬ್ರೇಕ್ ಹಿಡಿದಾಗ ಮೂತಿ ತಗ್ಗುವುದು ನಿಧಾನವಾಯಿತು, ನಿಲ್ಲಲಿಲ್ಲ. ಜನವರಿಯ ಬೆಳಗಿನ ಚಳಿಯಲ್ಲಂತೂ ಫೋರ್ಕ್ ಮರದ ತುಂಡಿನ ಹಾಗೆ. ಸಾಲು ಗುಂಡಿ ಬಂದರೆ ಮೊದಲನೆಯದಕ್ಕೆ ಇಳಿದದ್ದು ಮೇಲೆ ಬರುವಷ್ಟರಲ್ಲಿ ಮೂರನೆಯದು ಬಂದಿರುತ್ತಿತ್ತು. ಮಣಿಕಟ್ಟಿನ ನೋವು ಎರಡು ದಿನ ಹೋಗುತ್ತಿರಲಿಲ್ಲ. ಆಯಿಲ್ ಇನ್ನೂ ಜಾಸ್ತಿ ಹಾಕಿ ನೋಡೋಣ ಅಂತ ಹಾಕಿದೆ. ಒಳಗೆ ಗಾಳಿಗೆ ಜಾಗವೇ ಉಳಿಯಲಿಲ್ಲ, ಕೊಟ್ಟಿಗೆಹಾರ ದಾಟಿ ಎರಡನೇ ತಿರುವಿಗೆ ಎಡಗಡೆ ಸೀಲ್ ಎದ್ದು ಬಂತು. ಆಯಿಲ್ ಚಕ್ರದ ಮೇಲೆ, ಡಿಸ್ಕ್ ಮೇಲೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ. ಅವತ್ತು ಹಿಂದಿನ ಬ್ರೇಕ್ ಒಂದರಲ್ಲೇ ಫಸ್ಟ್ ಗೇರಿನಲ್ಲಿ ಮನೆಗೆ ವಾಪಸ್ ಬಂದೆ.

ಆಮೇಲೆ ಎಲ್ಲ ಬಿಚ್ಚಿ ಅಂಗಳದಲ್ಲಿ ಹರಡಿಕೊಂಡು ಕೂತೆ. ತಳದ ಅಲನ್ ಬೋಲ್ಟ್ ತಿರುಗಿಸಿದರೆ ಒಳಗಿನ ಡ್ಯಾಂಪರ್ ರಾಡೂ (ಆಯಿಲ್ ಹರಿವನ್ನು ತಡೆದು ಕುಣಿತ ನಿಧಾನ ಮಾಡುವ ತೂತಿನ ಕೊಳವೆ) ಜೊತೆಗೇ ತಿರುಗುವ ತಾಪತ್ರಯ ಇದ್ದದ್ದೇ. ಒಣಗಿದ ಕಾಫಿ ಗಿಡದ ಕೋಲಿನ ತುದಿಯನ್ನು ಕತ್ತಿಯಲ್ಲಿ ಚೂಪಾಗಿ ಕೆತ್ತಿ, ಮೇಲಿಂದ ಇಳಿಸಿ ಸುತ್ತಿಗೆಯಲ್ಲಿ ಎರಡು ಪೆಟ್ಟು ಕೊಟ್ಟೆ. ರಾಡಿನ ತಲೆಯಲ್ಲಿ ಕಚ್ಚಿಕೊಂಡು ನಿಂತಿತು, ಬೋಲ್ಟ್ ಬಂತು. ಕಾಫಿ ಕೋಲಿಗೆ ಇರುವ ಗಟ್ಟಿತನ ಪೊರಕೆ ಹಿಡಿಗೆ ಇಲ್ಲ, ಎರಡನ್ನೂ ಹಾಕಿ ನೋಡಿದ್ದೇನೆ.

ಫೋರ್ಕಿನ ಪೈಪ್‌ಗಳಲ್ಲಿ ಸೀಲ್ ಓಡಾಡುವ ಜಾಗದಲ್ಲೇ ತುಕ್ಕಿನ ಕುಳಿಗಳು. ಅದಕ್ಕೆ ಅರಾಲ್ಡೈಟ್ ತುಂಬಿ ನೀರು ಹಾಕಿ ನಯವಾದ ಎಮರಿ ಕಾಗದದಲ್ಲಿ ಉಜ್ಜಿದ್ದು ಎರಡು ತಿಂಗಳು ಬಾಳಿತು. ಕೊನೆಗೆ ಬೆಂಗಳೂರಿನ ಪೀಣ್ಯಕ್ಕೆ ಒಯ್ದು ಹಾರ್ಡ್ ಕ್ರೋಮ್ (ಗಟ್ಟಿ ಕ್ರೋಮ್ ಲೇಪನ) ಮಾಡಿಸಿದೆ, ಎರಡಕ್ಕೂ ಸೇರಿ ಸಾವಿರದ ನಾನೂರರ ಹತ್ತಿರ. ನನಗೆ ದುಬಾರಿಯಾದ ತಪ್ಪು ಆದದ್ದು ಇಲ್ಲೇ. ಪೈಪ್ ನೇರ ಇದೆಯಾ ಅಂತ ಮೊದಲು ನೋಡಿರಲಿಲ್ಲ. ವಾಪಸ್ ತಂದು ಲೇತ್ ಅಂಗಡಿಯಲ್ಲಿ ಬಾಗು ಅಳೆಯುವ ಡಯಲ್ ಇಟ್ಟು ತಿರುಗಿಸಿದರೆ ಬಲಗಡೆಯದರಲ್ಲಿ ಅರ್ಧ ಮಿಲಿಮೀಟರ್ ಹತ್ತಿರ ಬಾಗು. ಪ್ರೆಸ್ಸಿನಲ್ಲಿ ಒತ್ತಿಸಿ ನೇರ ಮಾಡಿಸುವಾಗ ಹೊಸ ಕ್ರೋಮ್ ಕೂದಲೆಳೆಯ ಹಾಗೆ ಸೀಳಿತು. ಮತ್ತೆ ಪೀಣ್ಯ, ಮತ್ತೆ ಏಳುನೂರು, ಬಸ್ ಚಾರ್ಜ್ ಬೇರೆ. ಮೊದಲು ನೇರ ಮಾಡಿಸಿ, ಕ್ರೋಮ್ ಆಮೇಲೆ.

ಈಗ ಸ್ಪ್ರಿಂಗ್. ಪೈಪಿಗೆ ಒಂದು ಕೇಬಲ್ ಟೈ ಕಟ್ಟಿ, ಗಾಡಿ ಮೇಲೆ ಕೂತು ಇಳಿದು ಅಳೆದೆ. ಸುಮಾರು 135 ಮಿಲಿಮೀಟರ್ ಓಡಾಟದಲ್ಲಿ ನಾನು ಕೂತ ಕೂಡಲೇ 60 ಖರ್ಚಾಗುತ್ತಿತ್ತು. ಗುಂಡಿಗೆ ಉಳಿಯುವುದೆಷ್ಟು? ಹಳೇ ಸ್ಪ್ರಿಂಗ್ ಕತ್ತರಿಸಿದರೆ ಗಟ್ಟಿಯಾಗುತ್ತದೆ ಅಂತ ಗ್ಯಾಸ್ ವೆಲ್ಡಿಂಗಿನವರ ಹತ್ತಿರ ಕತ್ತರಿಸಿದೆ. ಬಿಸಿ ತಾಗಿದ ಸುತ್ತುಗಳು ಹದ ಕಳೆದುಕೊಂಡು ವಾರದಲ್ಲಿ ಕುಸಿದವು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಇನ್ನೊಂದು ಜೋಡಿ ತಂದು ಈ ಸಲ ಗ್ರೈಂಡರ್‌ನ ತೆಳು ಚಕ್ರದಲ್ಲಿ, ಐದೈದು ಸೆಕೆಂಡಿಗೆ ನೀರಲ್ಲಿ ಅದ್ದುತ್ತಾ ಕತ್ತರಿಸಿದೆ. ಒತ್ತಾಗಿ ಸುತ್ತಿರುವ ಕಡೆಯಿಂದ ಐದು ಸುತ್ತು ತೆಗೆದೆ. ಕಮ್ಮಿಯಾದ ಉದ್ದಕ್ಕೆ ಮತ್ತು ಅದರ ಮೇಲೆ ಒಂದಿಷ್ಟು ಒತ್ತಡಕ್ಕೆ ಪಿವಿಸಿ ಪೈಪಿನ ತುಂಡು ಇಟ್ಟದ್ದು ಸೀಳಿಹೋಗಿ ಆಯಿಲ್ ತುಂಬ ಬಿಳಿ ಚೂರು. ಆಮೇಲೆ ಲೇತ್‌ನಲ್ಲಿ ಜಿಐ ಪೈಪ್ ಕತ್ತರಿಸಿ ಎರಡೂ ತುದಿ ಚಪ್ಪಟೆ ಮಾಡಿಸಿ, ಸ್ಪ್ರಿಂಗಿಗೂ ಅದಕ್ಕೂ ನಡುವೆ ವಾಷರ್ ಇಟ್ಟೆ. ಈಗ ಕೂತರೆ ಇಳಿಯುವುದು 38, 40.

ಆಯಿಲ್ ಹಾಕುವಾಗ ಮಿಲಿಲೀಟರ್ ಲೆಕ್ಕ ಬಿಟ್ಟೆ. ಸ್ಪ್ರಿಂಗ್ ತೆಗೆದು ಫೋರ್ಕ್ ಪೂರ್ತಿ ಒತ್ತಿಹಿಡಿದು, ಮೇಲಿನ ಅಂಚಿನಿಂದ ಆಯಿಲ್‌ವರೆಗೆ ಎಷ್ಟು ಖಾಲಿ ಇದೆ ಅಂತ ಅಳೆಯುತ್ತೇನೆ. ದನಕ್ಕೆ ಚುಚ್ಚುವ 50 ಮಿಲಿ ಸಿರಿಂಜಿಗೆ ಡ್ರಿಪ್ ಪೈಪ್ ಸಿಕ್ಕಿಸಿ, ಪೈಪಿನ ಮೇಲೆ ಗುರುತು ಹಾಕಿ, ಹೆಚ್ಚಿದ್ದನ್ನು ಎಳೆದುಬಿಡುವುದು. ಎರಡೂ ಕಾಲಿನಲ್ಲಿ ಒಂದೇ ಮಟ್ಟ ನಿಲ್ಲುತ್ತದೆ. 140 ಮಿಲಿಮೀಟರ್ ಖಾಲಿಯಿಂದ ಶುರು ಮಾಡಿ ಆಯಿಲ್ ಮಟ್ಟವನ್ನು ಐದೈದು ಮಿಲಿಮೀಟರ್ ಏರಿಸುತ್ತಾ ಬಂದೆ. ಕೊನೆಗೆ ಎಲ್ಲಿ ನಿಲ್ಲಿಸಿದೆ, ಯಾವ ಎರಡು ಆಯಿಲ್ ಎಷ್ಟೆಷ್ಟು ಬೆರೆಸಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ನಾಲ್ಕು ತಿಂಗಳು ತಿಂದ ಲೆಕ್ಕ ಅದು.

ಸೀಲ್ ಕೂರಿಸುವಾಗ ಪೈಪಿನ ತುದಿಗೆ ನಂದಿನಿ ಹಾಲಿನ ಕವರ್ ತೊಡಿಸಿ ಗ್ರೀಸ್ ಸವರಿ ಇಳಿಸಿದೆ. ಅಂಚು ತಾಗಿ ಸೀಲಿನ ತುಟಿ ಹರಿಯುವುದು ಅಲ್ಲಿಗೆ ನಿಂತಿತು.

ನಡುವೆ ಬೇರೆ ಕೆಲವು ಪ್ರಯೋಗಗಳೂ ಆದವು. ಹಳೇ ಡ್ಯಾಂಪರ್ ರಾಡ್ ಒಂದರಲ್ಲಿ ತೂತನ್ನು ಬ್ರೇಜಿಂಗ್ (ಹಿತ್ತಾಳೆ ಬೆಸುಗೆ) ಮಾಡಿಸಿ ಮುಚ್ಚಿದೆ, ಹಂಪ್ ಹಾರಿದರೆ ಏಟು ಭುಜಕ್ಕೇ ಬಂತು, ತೆಗೆದೆ. ಸೈಕಲ್ ಟ್ಯೂಬ್ ಕತ್ತರಿಸಿ ಪೈಪಿಗೆ ಅಂಗಿ ಹಾಕಿದೆ, ಒಳಗೆ ಕೆಸರು ನಿಂತು ಸೀಲಿಗೇ ಕಂಟಕ, ಅದನ್ನೂ ತೆಗೆದೆ. ಎರಡೂ ಕಾಲು ಜೋಡಿಸಲು ಎಂಟು ಮಿಲಿಮೀಟರ್ ಅಲ್ಯೂಮಿನಿಯಂ ಪ್ಲೇಟಿನ ಬ್ರೇಸ್ ಮಾಡಿ ಮಡ್‌ಗಾರ್ಡ್ ಬೋಲ್ಟಿಗೆ ಬಿಗಿದೆ. ಫೋರ್ಕ್ ಅರ್ಧಕ್ಕೇ ಸಿಕ್ಕಿಕೊಂಡಿತು. ಪ್ಲೇಟ್ ಎರಡು ಕಾಲನ್ನೂ ಕೂದಲಷ್ಟು ಒಳಗೆ ಎಳೆಯುತ್ತಿತ್ತು. ತೂತುಗಳನ್ನು ಅರದಲ್ಲಿ ಉದ್ದ ಮಾಡಿ, ಆಕ್ಸಲ್ ಬಿಗಿದು, ಫೋರ್ಕನ್ನು ಹತ್ತು ಹನ್ನೆರಡು ಸಲ ಒತ್ತಿ ಬಿಟ್ಟು, ಕೊನೆಗೆ ಬ್ರೇಸ್ ಬಿಗಿದೆ. ಈಗ ತಿರುವಿನ ನಡುವೆ ಗುಂಡಿ ಸಿಕ್ಕರೂ ಹ್ಯಾಂಡಲ್ ಅಲುಗುವುದಿಲ್ಲ.

ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಸೀಲು, ಆಯಿಲ್, ಕ್ರೋಮ್, ಲೇತ್ ಎಲ್ಲ ಸೇರಿ ಸರಿಯಾಗಿ ಆದ ಕೆಲಸದ ಖರ್ಚು ಮೂರೂವರೆ ಸಾವಿರ. ಕೆಟ್ಟ ಪ್ರಯೋಗಗಳಿಗೆ ಹೋದದ್ದು ಇನ್ನೊಂದು ಎರಡು ಸಾವಿರ. ಹೊಸ ಸೆಟ್ಟಿಗೆ ಹೇಳಿದ್ದೂ ಐದೂವರೆ ಸಾವಿರವೇ, ಆದರೆ ಹೊಸದು ಹಾಕಿಸಿದ್ದರೆ ಇಷ್ಟು ಗಟ್ಟಿ ಇರುತ್ತಿರಲಿಲ್ಲ. ಹೋದ ತಿಂಗಳು ಭಾವ ನನ್ನ ಗಾಡಿ ತಗೊಂಡು ಕೊಟ್ಟಿಗೆಹಾರದವರೆಗೆ ಹೋಗಿಬಂದರು. ಫೋರ್ಕ್ ತಳ ಮುಟ್ಟುವ ಜಾಗಕ್ಕೆ ಎರಡು ಬೆರಳು ಮೊದಲೇ ಕೇಬಲ್ ಟೈ ನಿಂತಿತ್ತು. ಏನೂ ಮಾತಾಡಲಿಲ್ಲ. ಈ ಭಾನುವಾರ ಅವರ ಗಾಡಿಯ ಫೋರ್ಕ್ ನಮ್ಮ ಅಂಗಳದಲ್ಲಿದೆ, ಬಲಗಡೆ ಪೈಪ್ ನೇರ ಇಲ್ಲ.