ಎಂಟು ಟಿಕೆಟ್, ಒಂಬತ್ತು ಜನ, ಕುಕ್ಕೆ ಸುಬ್ರಹ್ಮಣ್ಯ

ಮಂಡಿ ನೋವಿನ ಅಮ್ಮ, ಅತ್ತೆ, ಮೂರು ಮಕ್ಕಳು, ಎಲ್ಲ ಸೇರಿ ಒಂಬತ್ತು ಜನ. ಕುಕ್ಕೆಗೆ ರೈಲಲ್ಲಿ ಹೋಗೋಣ ಅಂದಾಗ ಭಾವ ನಕ್ಕರು. "ಸುಮ್ನೆ ಟಿ.ಟಿ. ಮಾಡ್ಕೊಂಡು ಹೋಗ್ರೀ" ಅಂದರು. ಟಿ.ಟಿ. ಅಂದರೆ ಬಾಡಿಗೆ ಟೆಂಪೊ ಟ್ರಾವೆಲರ್. ಎರಡು ದಿನಕ್ಕೆ ಇಪ್ಪತ್ತು ಸಾವಿರದ ಮೇಲೆ ಕೇಳಿದ್ದರು. ಶಿರಾಡಿ ಘಾಟಿಯಲ್ಲಿ ಮಕ್ಕಳ ವಾಂತಿ ಬೇರೆ.

ಭಾವನ ಮಾತಲ್ಲಿ ಸತ್ಯ ಇರಲಿಲ್ಲ ಅಂತಲ್ಲ. ಮೊದಲ ಸಲ ನಾನು ಎಡವಿದ್ದೆ. ಒಂದು ಟಿಕೆಟಲ್ಲಿ ಆರು ಜನ ತಾನೇ? ಅಮ್ಮನನ್ನೂ ಆ ಆರರಲ್ಲೇ ಸೇರಿಸಿದೆ. ಬಂದಿದ್ದು ಅಪ್ಪರ್ ಬರ್ತ್. ಕೆಳಗಿದ್ದ ಕಾಲೇಜು ಹುಡುಗನನ್ನು ಕಾಡಿ ಬೇಡಿ ಬದಲಾಯಿಸಿಕೊಂಡೆ. ಎರಡನೇ ಸಲ ಜುಲೈನಲ್ಲಿ ಹೊರಟೆವು, ಅದು ನನ್ನದೇ ಹುಂಬತನ. ಘಾಟಿಯಲ್ಲಿ ಗುಡ್ಡ ಕುಸಿದು ರೈಲೇ ರದ್ದಾಯಿತು. ಟಿಕೆಟ್ ದುಡ್ಡು ವಾಪಸ್ ಬಂತು, ರೂಮಿಗೆ ಕೊಟ್ಟ ಅಡ್ವಾನ್ಸ್ ಬರಲಿಲ್ಲ. ಸಾವಿರದ ಇನ್ನೂರೋ ಏನೋ ಹೋಯಿತು.

ಈ ಸಲ ಜನವರಿ. ಚಂಪಾ ಷಷ್ಠಿ ಜಾತ್ರೆ ಮುಗಿದು ಜನ ಕಮ್ಮಿ ಆಗಿರುತ್ತಾರೆ. 60 ದಿನ ಮುಂಚೆ, ಬುಕಿಂಗ್ ತೆರೆದ ಬೆಳಿಗ್ಗೆಯೇ ಕೂತೆ. ಅಮ್ಮ, ಅತ್ತೆ ಇಬ್ಬರದೇ ಬೇರೆ ಟಿಕೆಟ್, ಸೀನಿಯರ್ ಸಿಟಿಜನ್ ಕೋಟಾದಲ್ಲಿ. ದೊಡ್ಡ ಗುಂಪಿನ ಟಿಕೆಟಲ್ಲಿ ಸೇರಿಸಿದರೆ ಆ ಕೋಟಾ ಸಿಗುವುದಿಲ್ಲ, ನಾನು ಮೊದಲು ಎಡವಿದ್ದು ಅಲ್ಲೇ. ಉಳಿದ ಆರು ಜನ ಇನ್ನೊಂದರಲ್ಲಿ. ನಾಲ್ಕು ವರ್ಷದ ಚಿಕ್ಕವಳಿಗೆ ಟಿಕೆಟ್ಟೇ ಬೇಡ. ಎರಡೂ ಲೋವರ್ ಬರ್ತ್ ಸಿಕ್ಕಿತು, ಆದರೆ ನಮ್ಮದು ಒಂದು ಬೋಗಿ, ಅವರದು ಇನ್ನೊಂದು! ಅಮ್ಮನ ಪಕ್ಕದಲ್ಲಿ ಒಂಟಿಯಾಗಿ ಬಂದಿದ್ದವರಿಗೆ ನನ್ನ ಬರ್ತ್ ಕೊಟ್ಟು ನಾನು ಅಲ್ಲಿಗೆ ಹೋದೆ. ಒಬ್ಬರೇ ಇದ್ದವರು ಬೇಗ ಒಪ್ಪುತ್ತಾರೆ, ಸಂಸಾರಸ್ಥರನ್ನು ಕೇಳಲೇಬೇಡಿ.

ರಾತ್ರಿ ರೈಲಲ್ಲಿ ಹೋಗುವುದು, ಹಗಲು ರೈಲಲ್ಲಿ ಬರುವುದು. ಇದೇ ನನ್ನ ಲೆಕ್ಕ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್. ರೈಲು ನಿಲ್ಲುವ ಎರಡು ನಿಮಿಷದಲ್ಲಿ ಅಮ್ಮನನ್ನು ಹೇಗೆ ಇಳಿಸುತ್ತೀ ಅಂತ ಭಾವ ಮೊದಲೇ ಕೇಳಿದ್ದರು. ಆದರೆ ಘಾಟಿ ಇಳಿಯಲು ಜೋಡಿಸಿದ್ದ ಹೆಚ್ಚುವರಿ ಎಂಜಿನ್ ಬಿಚ್ಚಲು ರೈಲು ಅಲ್ಲಿ ಆರಾಮಾಗಿ ನಿಂತಿತು. ಅಮ್ಮ ಒಂದೊಂದೇ ಮೆಟ್ಟಿಲು ಇಳಿದು, ಚಪ್ಪಲಿ ಸರಿ ಮಾಡಿಕೊಂಡು, "ಆಯ್ತೇನೋ?" ಅಂದರು. ಅಲ್ಲಿಂದ ದೇವಸ್ಥಾನಕ್ಕೆ ಹನ್ನೆರಡು ಕಿಲೋಮೀಟರ್ ಚಿಲ್ಲರೆ. ಜೀಪಿನವನನ್ನು ಹಿಂದಿನ ದಿನವೇ ಗೊತ್ತು ಮಾಡಿದ್ದೆ. ಹೇಗೆ ಹಿಡಿದೆ ಅನ್ನುವುದು ನನಗೇ ಇರಲಿ.

ಕುಮಾರಧಾರೆಯಲ್ಲಿ ನೀರು ಕೊರೆಯುತ್ತಿತ್ತು. ಮಕ್ಕಳು ಮುಳುಗಿದರು, ಅಮ್ಮ ಮೆಟ್ಟಿಲ ಮೇಲೆ ಕೂತು ಕಾಲಷ್ಟೇ ಇಳಿಬಿಟ್ಟರು. ದರ್ಶನಕ್ಕೆ ಮುಕ್ಕಾಲು ಗಂಟೆ. ಗಂಡಸರು ಅಂಗಿ ಬನಿಯನ್ ತೆಗೆಯಬೇಕಲ್ಲ, ಜನವರಿ ಚಳಿಯಲ್ಲಿ ನನ್ನ ಮಗ ಗಡಗಡ ನಡುಗಿದ. ಮೃತ್ತಿಕೆ ಪ್ರಸಾದ ತಗೊಂಡು ಹೊರಗೆ ಬಂದಾಗ ಇನ್ನೂ ಎಂಟೂವರೆ.

ಊಟದ ಪ್ರಯೋಗ ಮಾತ್ರ ಈ ಸಲವೂ ಕೈಕೊಟ್ಟಿತು. ಬರೀ ಹಾಲು ಹಾಕಿ, ಒಂದೇ ಚಮಚ ಮೊಸರು ಬೆರೆಸಿದರೂ ಮೊಸರನ್ನ ಮಧ್ಯಾಹ್ನಕ್ಕೆ ಹುಳಿ ಹುಳಿ. ಗೊಜ್ಜವಲಕ್ಕಿ ಕಾಪಾಡಿತು.

ವಾಪಸ್ ಬರುವಾಗ ಸಿಟ್ಟಿಂಗ್. ಸಕಲೇಶಪುರದವರೆಗಿನ 55 ಕಿಲೋಮೀಟರಿಗೆ ಎರಡು ಗಂಟೆಗಿಂತ ಜಾಸ್ತಿ. ಸುರಂಗ 57 ಅಂತಾರೆ. ಮಕ್ಕಳು ಲೆಕ್ಕ ಹಾಕಿದ್ದು 49. ಎಡಕುಮೇರಿ ದಾಟುವಾಗ ಅವಲಕ್ಕಿ ತಿಂತಾ ಇದ್ದರು, ಅಲ್ಲೇ ತಪ್ಪಿರಬೇಕು.

ನೆನಪಿರುವ ಖರ್ಚು: ಹೋಗುವ ಟಿಕೆಟ್ ಹದಿನೇಳು ನೂರರ ಹತ್ತಿರ, ಬರುವುದು ಸಾವಿರ ಚಿಲ್ಲರೆ, ಜೀಪು ಎರಡೂ ಕಡೆ ಸೇರಿ ಸಾವಿರದ ನಾನೂರು. ಸ್ನಾನಕ್ಕೆ ಅರ್ಧ ದಿನದ ರೂಮು, ಕಾಫಿ ತಿಂಡಿ ಎಲ್ಲ ಸೇರಿಸಿದರೂ ಏಳು ಸಾವಿರ ದಾಟಲಿಲ್ಲ. ಟಿ.ಟಿ.ಗೆ ಕೇಳಿದ್ದರ ಮೂರನೇ ಒಂದು ಭಾಗ.

ಮೊನ್ನೆ ಭಾವ ಫೋನ್ ಮಾಡಿದ್ದರು. ಬರುವಾಗ ಕಣಿವೆ ಕಾಣಬೇಕಾದರೆ ಯಾವ ಕಡೆ ಕೂರಬೇಕು ಅಂತ ಕೇಳಿದರು. ಅವರಿಗೂ ಹೇಳಿಲ್ಲ.