ಸಂಸ್ಥೆಯಿಂದ ನೋಟಿಸ್ ಬಂದರೆ: ಸಿಎ ಮಿತ್ರರಿಗೆ ಒಂದು ಕೈಪಿಡಿ

ಭಾರತೀಯ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ (ಐಸಿಎಐ) ಶಿಸ್ತು ನಿರ್ದೇಶನಾಲಯದಿಂದ ಲಕೋಟೆ ಬಂದಿದೆ ಎಂದು ಗಾಬರಿಯಿಂದ ಫೋನ್ ಮಾಡುವ ಕಿರಿಯ ಸಿಎಗಳನ್ನು ನಾನು ಮೊದಲು ಕೇಳುವುದು, ಅದು ಕೈಗೆ ಬಂದ ತಾರೀಕು ಯಾವುದು ಎಂದು. ದೂರಿನಲ್ಲಿ ಏನಿದೆ, ಕೊಟ್ಟವರು ಯಾರು, ಅವರಿಗೆ ನಿಮ್ಮ ಮೇಲೆ ಯಾವ ಹಗೆ ಎಂಬುದೆಲ್ಲ ಆಮೇಲಿನ ಮಾತು. ಅನೇಕರು ಈ ಮೊದಲ ಪ್ರಶ್ನೆಗೇ ತಡವರಿಸುತ್ತಾರೆ. "ಹೋದ ತಿಂಗಳು ಬಂದಿರಬೇಕು ಮೇಡಂ, ಟ್ಯಾಕ್ಸ್ ಆಡಿಟ್ ಗಡಿಬಿಡಿಯಲ್ಲಿ ಒಡೆದು ನೋಡಿರಲಿಲ್ಲ" ಎನ್ನುತ್ತಾರೆ.

ದಾವಣಗೆರೆಯಲ್ಲಿ ನನ್ನ ಪ್ರಾಕ್ಟೀಸು. ಹರಿಹರ, ಚಿತ್ರದುರ್ಗ, ರಾಣೆಬೆನ್ನೂರು ಕಡೆಯ ವೃತ್ತಿಮಿತ್ರರ ಮೇಲೆ ದೂರು ಬಂದಾಗ ಉತ್ತರ ಬರೆದುಕೊಡುವುದು, ವಿಚಾರಣೆಯಲ್ಲಿ ಅವರ ಪರವಾಗಿ ಕೂರುವುದು ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಕೆಟ್ಟ ಕೆಲಸ ಮಾಡಿ ಶಿಕ್ಷೆಗೆ ಒಳಗಾದವರ ಬಗ್ಗೆ ನನಗೆ ಮರುಕವಿಲ್ಲ. ಲೆಕ್ಕ ಚೊಕ್ಕವಾಗಿಟ್ಟು, ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸುವವರು ಬರೀ ಉತ್ತರ ಕೊಡದೆ ಹೆಸರು ಕೆಡಿಸಿಕೊಳ್ಳುವುದನ್ನು ಕಂಡಾಗ ಮಾತ್ರ ಹೊಟ್ಟೆ ಉರಿಯುತ್ತದೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಯ್ದೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಗೆ ದುರ್ನಡತೆಗಳನ್ನು ಪಟ್ಟಿ ಮಾಡುವ ಎರಡು ಅನುಸೂಚಿಗಳಿವೆ. ಮೊದಲನೆಯ ಅನುಸೂಚಿಯ ಮೂರನೇ ಭಾಗದ ಎರಡನೇ ಕಲಮನ್ನು ನಮ್ಮಲ್ಲಿ ಹೆಚ್ಚಿನವರು ಪರೀಕ್ಷೆಗೆ ಓದಿ ಮರೆತಿದ್ದೇವೆ. ಸಂಸ್ಥೆ, ಅದರ ಕೌನ್ಸಿಲ್, ಸಮಿತಿಗಳು, ಶಿಸ್ತು ನಿರ್ದೇಶಕರು, ಶಿಸ್ತು ಮಂಡಳಿ, ಶಿಸ್ತು ಸಮಿತಿ, ಗುಣಮಟ್ಟ ಪರಿಶೀಲನಾ ಮಂಡಳಿ, ಮೇಲ್ಮನವಿ ಪ್ರಾಧಿಕಾರ, ಇವರಲ್ಲಿ ಯಾರೇ ಕೇಳಿದ ಮಾಹಿತಿಯನ್ನು ಕೊಡದಿದ್ದರೆ ಅದೇ ಒಂದು ವೃತ್ತಿ ದುರ್ನಡತೆ. ಮೂಲ ದೂರು ಬಿದ್ದುಹೋದರೂ ಈ ತಪ್ಪು ಉಳಿಯುತ್ತದೆ. ಪ್ರಾಕ್ಟೀಸಿನಲ್ಲಿ ಇಲ್ಲದೆ ಕಂಪನಿಯಲ್ಲಿ ಕೆಲಸ ಮಾಡುವ ಸದಸ್ಯರಿಗೂ ಇದು ಅನ್ವಯಿಸುತ್ತದೆ.

ಒಂದು ಪ್ರಕರಣ ಹೇಳುತ್ತೇನೆ. ಅಕ್ಕಿ ಗಿರಣಿಯ ಪಾಲುದಾರರಾದ ಅಣ್ಣತಮ್ಮಂದಿರು ಜಗಳವಾಡಿಕೊಂಡರು. ತನಗೆ ತೋರಿಸದೆ ಅಣ್ಣನ ಮಾತು ಕೇಳಿ ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕಿದ್ದಾರೆಂದು ತಮ್ಮನಾದವನು ಲೆಕ್ಕ ಪರಿಶೋಧಕರ ಮೇಲೆ ದೂರು ಕೊಟ್ಟ. ಕರಡು ಲೆಕ್ಕವನ್ನು ಇಬ್ಬರಿಗೂ ಕಳುಹಿಸಿದ ಇಮೇಲ್ ಇತ್ತು. ತಮ್ಮನೇ "ನೋಡಿದ್ದೇನೆ, ಸರಿಯಿದೆ" ಎಂದು ಬರೆದ ಮರುಮೇಲೂ ಇತ್ತು. ಅದರ ಪ್ರತಿಯೊಂದಿಗೆ ಎರಡು ಪುಟ ಬರೆದು ಕಳುಹಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಮಹನೀಯರು ಇಂಥ ಸುಳ್ಳು ದೂರಿಗೆ ತಾನೇಕೆ ಉತ್ತರ ಕೊಡಬೇಕೆಂದು ಸ್ವಾಭಿಮಾನದಿಂದ ಕೂತರು. ನೆನಪೋಲೆ ಬಂತು, ಅದಕ್ಕೂ ಉತ್ತರವಿಲ್ಲ. ಕೊನೆಗೆ ವಿಚಾರಣೆಯಲ್ಲಿ ಆ ಇಮೇಲ್ ನೋಡಿ ಮೂಲ ಆರೋಪವನ್ನು ಕೈಬಿಟ್ಟರು. ಉತ್ತರ ಕೊಡದ ತಪ್ಪು ಮಾತ್ರ ನಿಂತಿತು. ವಾಗ್ದಂಡನೆ, ಜೊತೆಗೆ ದಂಡ.

ಇನ್ನು ದಿನಗಳ ಲೆಕ್ಕ. 2007ರ ವಿಚಾರಣಾ ನಿಯಮಗಳ ಪ್ರಕಾರ ದೂರಿನ ಪ್ರತಿ ತಲುಪಿದ 21 ದಿನಗಳೊಳಗೆ ನಿಮ್ಮ ಲಿಖಿತ ಹೇಳಿಕೆ ಹೋಗಬೇಕು. ಸಾಲದಿದ್ದರೆ ನಿರ್ದೇಶಕರು ಇನ್ನೂ 30 ದಿನಗಳವರೆಗೆ ಕಾಲಾವಕಾಶ ಕೊಡಬಹುದು. ಕೊಡಬಹುದು ಎಂದರೆ, ಕೇಳಿದರೆ. ಇಪ್ಪತ್ತೊಂದನೆಯ ದಿನ ಕಳೆದ ಮೇಲೆ ಕೇಳಿದರೆ ನಿಮ್ಮ ಮಾತಿಗೆ ತೂಕ ಕಡಿಮೆ. ಶಿಸ್ತು ಕ್ರಮಕ್ಕೆ ಸಂಬಂಧಿಸಿದ ತಿದ್ದುಪಡಿ ಕಾಯ್ದೆಯನ್ನು ಸಂಸತ್ತು 2022ರಲ್ಲಿ ಅಂಗೀಕರಿಸಿದೆ. ಆದ್ದರಿಂದ ಹಳೆಯ ನೆನಪನ್ನು ನಂಬದೆ, ಕೈಯಲ್ಲಿರುವ ನೋಟಿಸಿನಲ್ಲಿ ಯಾವ ನಿಯಮ, ಎಷ್ಟು ದಿನ ಎಂದು ನಮೂದಾಗಿದೆಯೋ ಅದನ್ನೇ ಹಿಡಿದು ಎಣಿಸಿ.

ಲಕೋಟೆಯನ್ನು ಎಸೆಯಬೇಡಿ. ಅದರ ಮೇಲಿನ ಅಂಚೆ ಮೊಹರು, ಸ್ಪೀಡ್ ಪೋಸ್ಟ್ ಸಂಖ್ಯೆ, ಅಂಚೆಯವರ ಹಾಳೆಯಲ್ಲಿ ಯಾರು ಸಹಿ ಹಾಕಿ ತೆಗೆದುಕೊಂಡರು ಎಂಬುದು ಮುಂದೆ ಬೇಕಾಗುತ್ತದೆ. ನಮ್ಮ ಕಚೇರಿಯಲ್ಲಿ ಆರ್ಟಿಕಲ್ ವಿದ್ಯಾರ್ಥಿಗಳಿಗೆ, ಅಂದರೆ ಸಿಎ ತರಬೇತಿಗೆ ಬಂದವರಿಗೆ, ಮೊದಲ ದಿನವೇ ಹೇಳುವ ನಿಯಮವಿದೆ. ಸಂಸ್ಥೆಯ ಮುದ್ರೆಯಿರುವ ಯಾವ ಲಕೋಟೆಯೂ ಇನ್ನೊಂದು ಕಡತದ ಮೇಲೆ ಕೂರಬಾರದು. ಲಕೋಟೆಯ ಮೂಲೆಯಲ್ಲಿ ಪೆನ್ನಿನಿಂದ ತಾರೀಕು, ಗಂಟೆ, ಪಡೆದವರ ಹೆಸರು ಬರೆದು ನೇರವಾಗಿ ನನ್ನ ಮೇಜಿಗೆ ತರಬೇಕು. ನಾನು ಊರಲ್ಲಿಲ್ಲದಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಬೇಕು. ಸೆಪ್ಟೆಂಬರಿನಲ್ಲಿ ಇದು ಇನ್ನೂ ಮುಖ್ಯ. ಆಡಿಟ್ ವರದಿಗೆ ತಿಂಗಳ ಕೊನೆಯ ದಿನವೇ ಗಡುವು, ಮೇಜಿನ ಮೇಲೆ ಕಡತಗಳ ರಾಶಿ ಬಿದ್ದಿರುವಾಗ ಒಂದು ಬಿಳಿ ಲಕೋಟೆ ಅಡಿಗೆ ಸೇರುವುದಕ್ಕೆ ಎಷ್ಟು ಹೊತ್ತು?

ಲಕೋಟೆ ತೆಗೆದುಕೊಳ್ಳದೆ ವಾಪಸ್ ಕಳುಹಿಸುವ ಜಾಣತನ ಬೇಡವೇ ಬೇಡ. ನಿರಾಕರಿಸಿದ ಅಂಚೆಯನ್ನು ತಲುಪಿದ ಅಂಚೆಯೆಂದೇ ನಿಯಮಗಳು ಎಣಿಸುತ್ತವೆ. ಆ 21 ದಿನಗಳು ನಿಮಗೆ ಗೊತ್ತಿಲ್ಲದೆಯೇ ಓಡುತ್ತಿರುತ್ತವೆ, ದೂರಿನಲ್ಲಿ ಏನಿದೆ ಎಂಬುದೂ ತಿಳಿಯದು. ಕಚೇರಿ ಬದಲಿಸಿದವರು ಸಂಸ್ಥೆಯ ಪೋರ್ಟಲಿನಲ್ಲಿ ವಿಳಾಸ, ಇಮೇಲ್, ಮೊಬೈಲ್ ಸಂಖ್ಯೆ ಬದಲಿಸಿದ್ದಾರೆಯೇ ಎಂದು ಈಗಲೇ ನೋಡಿಕೊಳ್ಳಿ. ಪಿ.ಬಿ. ರಸ್ತೆಯ ಹಳೆಯ ಮಹಡಿ ಬಿಟ್ಟು ಎಷ್ಟೋ ಕಾಲವಾದರೂ ಸಂಸ್ಥೆಯ ದಾಖಲೆಯಲ್ಲಿ ಅದೇ ವಿಳಾಸ ಉಳಿಸಿಕೊಂಡವರನ್ನು ನಾನು ಬಲ್ಲೆ.

ಉತ್ತರ ಹೋಗದಿದ್ದರೆ ಏನಾಗುತ್ತದೆ? ಹೇಳಲು ನಿಮ್ಮಲ್ಲಿ ಏನೂ ಇಲ್ಲವೆಂದು ನಿರ್ದೇಶಕರು ಭಾವಿಸಿ, ದೂರುದಾರ ಕೊಟ್ಟ ಕಾಗದಗಳನ್ನಷ್ಟೇ ಮುಂದಿಟ್ಟುಕೊಂಡು ಮೇಲ್ನೋಟದ ಅಭಿಪ್ರಾಯ ಬರೆಯುತ್ತಾರೆ. ತಪ್ಪು ಮೊದಲನೆಯ ಅನುಸೂಚಿಯದಾದರೆ ಪ್ರಕರಣ ಶಿಸ್ತು ಮಂಡಳಿಗೆ ಹೋಗುತ್ತದೆ. ಅಲ್ಲಿ ವಾಗ್ದಂಡನೆ, ಮೂರು ತಿಂಗಳವರೆಗೆ ಸದಸ್ಯರ ಪಟ್ಟಿಯಿಂದ ಹೆಸರು ತೆಗೆಯುವುದು, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು 2006ರ ತಿದ್ದುಪಡಿ ಹೇಳಿದೆ. ಎರಡನೆಯ ಅನುಸೂಚಿ ಸೇರಿಕೊಂಡರೆ ಶಿಸ್ತು ಸಮಿತಿ. ಅದು ಐದು ಲಕ್ಷದವರೆಗೆ ದಂಡ ಹಾಕಬಹುದು, ಹೆಸರನ್ನು ಶಾಶ್ವತವಾಗಿಯೂ ತೆಗೆಯಬಹುದು. ಮೂರು ತಿಂಗಳು ತಾನೇ ಎಂದು ಹಗುರವಾಗಿ ಮಾತಾಡುವವರು ಒಂದು ಸಂಗತಿ ಮರೆಯುತ್ತಾರೆ. 2019ರ ಜುಲೈಯಿಂದ ನಾವು ಸಹಿ ಹಾಕುವ ಪ್ರತಿ ಆಡಿಟ್ ವರದಿ, ಪ್ರತಿ ಪ್ರಮಾಣಪತ್ರಕ್ಕೂ 18 ಅಂಕಿ-ಅಕ್ಷರಗಳ ಯುಡಿಐಎನ್, ಅಂದರೆ ಆ ದಾಖಲೆಯದೇ ಆದ ಗುರುತಿನ ಸಂಖ್ಯೆ, ಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅದು ಹುಟ್ಟುವುದಿಲ್ಲ. ಆ ಮೂರು ತಿಂಗಳು ಸೆಪ್ಟೆಂಬರನ್ನು ಒಳಗೊಂಡರೆ ಕಕ್ಷಿದಾರರೆಲ್ಲ ಬೇರೆ ಕಚೇರಿಯ ಮೆಟ್ಟಿಲು ಹತ್ತುತ್ತಾರೆ, ಹೋದವರು ಮರಳುವುದು ಅಪರೂಪ.

ಉತ್ತರ ಬರೆಯುವ ಬಗೆಗೆ ಬರುತ್ತೇನೆ, ಏಕೆಂದರೆ ಕೈ ಹಿಡಿಯುವುದೂ ಕೈ ಕೊಡುವುದೂ ಇದೇ. ದೂರಿನ ಪ್ರತಿ ಪರಿಚ್ಛೇದಕ್ಕೂ ಅದೇ ಸಂಖ್ಯೆ ಕೊಟ್ಟು ಉತ್ತರಿಸಿ, ಒಂದನ್ನೂ ಬಿಡಬೇಡಿ. "ಆರೋಪಗಳೆಲ್ಲ ಸುಳ್ಳು, ದುರುದ್ದೇಶದಿಂದ ಕೂಡಿವೆ" ಎಂಬ ಸಾಲು ಎಲ್ಲ ಉತ್ತರಗಳಲ್ಲೂ ಇರುತ್ತದೆ, ಅದನ್ನು ಓದುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ನಾನು ಬರೆಸುವುದು ಹೀಗೆ: "ಪರಿಚ್ಛೇದ 4: ದಾಸ್ತಾನು ಪಟ್ಟಿಯನ್ನು ನಾನು ನೋಡಿಲ್ಲವೆಂಬ ಮಾತು ನಿಜವಲ್ಲ. ಮಾರ್ಚ್ 31ರಂದು ನನ್ನ ಸಹಾಯಕರು ಗೋದಾಮಿಗೆ ಹೋಗಿ ಚೀಲಗಳನ್ನು ಎಣಿಸಿದ ಹಾಳೆ, ಗೋದಾಮಿನ ಉಸ್ತುವಾರಿಯವರ ಸಹಿಯೊಂದಿಗೆ, ಅನುಬಂಧ 3ರಲ್ಲಿದೆ." ಅಷ್ಟೇ. ವಿಶೇಷಣಗಳು ಬೇಡ. ದೂರುದಾರನ ನಡತೆ, ಸಾಲ, ಸಂಸಾರದ ವಿಷಯ ಎತ್ತಬೇಡಿ. ಸಮಿತಿ ಅಳೆಯುವುದು ನಿಮ್ಮ ಕೆಲಸವನ್ನು. ತಪ್ಪಾಗಿದ್ದರೆ ಎಷ್ಟಾಗಿದೆಯೋ ಅಷ್ಟನ್ನು ಒಪ್ಪಿ, ಹೇಗೆ ಸರಿಪಡಿಸಿದಿರಿ ಎಂದು ಬರೆಯಿರಿ. ಅನುಬಂಧಗಳಿಗೆ ಪುಟ ಸಂಖ್ಯೆ ಹಾಕಿ. ನೋಟಿಸಿನಲ್ಲಿ ಎಷ್ಟು ಪ್ರತಿ ಕೇಳಿದ್ದಾರೋ ಅಷ್ಟನ್ನೂ ಕಳುಹಿಸಿ, ರಸೀದಿಯನ್ನು ಆ ಲಕೋಟೆಯ ಜೊತೆಗೇ ಇಡಿ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ದೂರು ಕೊಟ್ಟವರು ನಿಮ್ಮ ಕಕ್ಷಿದಾರರಲ್ಲದೆ ಬೇರೆಯವರಾಗಿರಬಹುದು. ವಿಚ್ಛೇದನಕ್ಕೆ ಹೋದ ಪತ್ನಿ ಗಂಡನ ಆದಾಯ ಪ್ರಮಾಣಪತ್ರದ ಬಗ್ಗೆ ಕೊಡುವ ದೂರು ಇಂಥದ್ದು. ಕಕ್ಷಿದಾರನ ಮಾಹಿತಿಯನ್ನು ಅವನ ಒಪ್ಪಿಗೆಯಿಲ್ಲದೆ, ಕಾನೂನಿನ ಅಗತ್ಯವೂ ಇಲ್ಲದೆ ಬಯಲು ಮಾಡುವುದು ಎರಡನೆಯ ಅನುಸೂಚಿಯ ಮೊದಲ ಕಲಮಿನ ತಪ್ಪು. ನಿಮ್ಮ ಉತ್ತರದ ಪ್ರತಿ ದೂರುದಾರರಿಗೂ ಹೋಗುತ್ತದೆ. ಆದ್ದರಿಂದ ಕಕ್ಷಿದಾರನಿಗೆ ಪತ್ರ ಬರೆದು ಒಪ್ಪಿಗೆ ಪಡೆಯಿರಿ, ಪ್ರಶ್ನೆಗೆ ಬೇಕಾದ ಕಾಗದಗಳನ್ನಷ್ಟೇ ಲಗತ್ತಿಸಿ. ಗೋಪ್ಯತೆಯ ನೆಪದಲ್ಲಿ ಉತ್ತರವನ್ನೇ ಕೊಡದಿರುವುದು ಮಾತ್ರ ದಾರಿಯಲ್ಲ.

ನೋಟಿಸ್ ಬಂದ ಮೇಲೆ ಕಡತ ಕಟ್ಟಲು ಕೂರುವವರಿದ್ದಾರೆ. ದಯವಿಟ್ಟು ಆ ಕೆಲಸಕ್ಕೆ ಕೈ ಹಾಕಬೇಡಿ. ಲೆಕ್ಕಪರಿಶೋಧನಾ ಮಾನದಂಡ 230ರ ಪ್ರಕಾರ ವರದಿಗೆ ಸಹಿ ಹಾಕಿದ 60 ದಿನಗಳಲ್ಲಿ ಕಡತ ಪೂರ್ಣವಾಗಿ ಕಟ್ಟಿರಬೇಕು, ಕನಿಷ್ಠ ಏಳು ವರ್ಷ ಕಾಪಾಡಬೇಕು. ಆಮೇಲೆ ಸೇರಿಸಿದ ಹಾಳೆ ಕಂಪ್ಯೂಟರಿನ ತಾರೀಕಿನಲ್ಲಿ, ಶಾಯಿಯಲ್ಲಿ, ಅಷ್ಟೇಕೆ ಹಾಳೆಯ ಹೊಸತನದಲ್ಲೇ ಸಿಕ್ಕಿಬೀಳುತ್ತದೆ. ನಿರ್ಲಕ್ಷ್ಯದ ಆರೋಪವಿದ್ದ ಕಡೆ ಸುಳ್ಳು ದಾಖಲೆಯ ಆರೋಪ ಬಂದು ಕೂರುತ್ತದೆ. ಕಡತದಲ್ಲಿ ಕೊರತೆಯಿದ್ದರೆ ಇದ್ದಂತೆಯೇ ಕಳುಹಿಸಿ, ಕೊರತೆಯ ಕಾರಣ ಬರೆಯಿರಿ.

ದೂರುದಾರನ ಜೊತೆ ರಾಜಿಯಾಯಿತು, ಇನ್ನೇನು ಉತ್ತರ ಎಂದು ಸುಮ್ಮನಾಗುವುದೂ ಅಪಾಯ. ಅವನು ದೂರು ಹಿಂಪಡೆಯಲು ಪತ್ರ ಬರೆದರೂ ಅದಕ್ಕೆ ಮಂಡಳಿಯೋ ಸಮಿತಿಯೋ ಅನುಮತಿ ಕೊಡಬೇಕು, ಕೊಡದೆಯೂ ಇರಬಹುದು. ಅನುಮತಿಯ ಆದೇಶ ಕೈಗೆ ಬರುವವರೆಗೆ ಪ್ರತಿ ಗಡುವನ್ನೂ ಪಾಲಿಸಿ.

ವಿಚಾರಣೆಗೆ ಕರೆ ಬಂದರೆ ಹೋಗಿ. ದಿಲ್ಲಿಗೆ ಹೋಗಲಾಗದಿದ್ದರೆ ವಿಡಿಯೊ ಮೂಲಕ ಹಾಜರಾಗಲು ಅವಕಾಶವಿದೆಯೇ ಎಂದು ಕೇಳಿ. ವಕೀಲರನ್ನೋ ಇನ್ನೊಬ್ಬ ಸಿಎಯನ್ನೋ ಜೊತೆಗಿಟ್ಟುಕೊಳ್ಳಬಹುದು. ಬಾರದಿದ್ದವರ ಬೆನ್ನ ಹಿಂದೆ ಏಕಪಕ್ಷೀಯವಾಗಿ ತೀರ್ಮಾನಿಸುವ ಅಧಿಕಾರ ಅವರಿಗಿದೆ. ಕಡತ ನಿಮ್ಮದೇ ಆದ್ದರಿಂದ ಪ್ರಶ್ನೆಗೆ ನೀವೇ ಉತ್ತರಿಸಿ. ಪಕ್ಕದಲ್ಲಿ ಕೂತವರು ಕಾನೂನಿನ ಮಾತಾಡಲಿ.

ಷೇರುಪೇಟೆಯಲ್ಲಿರುವ ಕಂಪನಿ, ಬ್ಯಾಂಕು, ವಿಮಾ ಕಂಪನಿ ಅಥವಾ 500 ಕೋಟಿ ರೂಪಾಯಿ ಪಾವತಿಯಾದ ಬಂಡವಾಳದ ಇಲ್ಲವೇ 1,000 ಕೋಟಿ ವಹಿವಾಟಿನ ದೊಡ್ಡ ಕಂಪನಿಯ ಆಡಿಟ್ ಮಾಡುವವರಿಗೆ ಇನ್ನೊಬ್ಬ ಕಾವಲುಗಾರ ಇದ್ದಾನೆ. ಕಂಪನಿ ಕಾಯ್ದೆಯ 132ನೇ ಕಲಮಿನಡಿ 2018ರ ಅಕ್ಟೋಬರಿನಲ್ಲಿ ಹುಟ್ಟಿದ ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ, ಅಂದರೆ ಎನ್‌ಎಫ್‌ಆರ್‌ಎ. ಇಲ್ಲಿ ದಂಡ ಒಬ್ಬ ವ್ಯಕ್ತಿಗೆ ಕನಿಷ್ಠ ಒಂದು ಲಕ್ಷದಿಂದ ಶುರುವಾಗಿ ಪಡೆದ ಶುಲ್ಕದ ಐದು ಪಟ್ಟಿನವರೆಗೆ ಹೋಗಬಹುದು. ಆರು ತಿಂಗಳಿಂದ ಹತ್ತು ವರ್ಷದವರೆಗೆ ಆಡಿಟ್ ಮಾಡದಂತೆ ತಡೆಯಬಹುದು. ಅವರು ಮೊದಲು ಕೇಳುವುದೇ ಆಡಿಟ್ ಕಡತ. ಚಿಕ್ಕಮಗಳೂರಿನ ಕಾಫಿಯಿಂದ ಬೆಳೆದ ಕಾಫಿ ಡೇ ಸಮೂಹದ ಲೆಕ್ಕ ಪರಿಶೋಧಕರ ವಿರುದ್ಧ 2023ರಲ್ಲಿ ಬಂದ ಆದೇಶಗಳನ್ನು ನಮ್ಮ ಭಾಗದ ಸಿಎಗಳು ಕೂತು ಓದಬೇಕು. ಯಾವ ಹಾಳೆ ಇರಬೇಕಿತ್ತು, ಇರಲಿಲ್ಲ ಎಂಬುದನ್ನು ಇಷ್ಟು ಬಿಡಿಸಿ ಹೇಳುವ ಪಾಠ ಬೇರೆಲ್ಲೂ ಸಿಗದು. ಕೇಳಿದ ಕಡತವನ್ನು ಕೊಡದಿದ್ದುದನ್ನೇ ಗಂಭೀರ ತಪ್ಪಾಗಿ ಕಂಡ ಆದೇಶಗಳೂ ಅವರ ಜಾಲತಾಣದಲ್ಲಿವೆ.

ಗಡುವು ಈಗಾಗಲೇ ದಾಟಿಹೋಗಿದ್ದರೆ? ಈವತ್ತೇ ಬರೆಯಿರಿ. ತಡವಾಯಿತೆಂಬ ಕ್ಷಮೆಪತ್ರವನ್ನು ಬರಿಗೈಲಿ ಕಳುಹಿಸದೆ, ಲಿಖಿತ ಹೇಳಿಕೆಯನ್ನೇ ಸಿದ್ಧಪಡಿಸಿ ಜೊತೆಗಿಟ್ಟು, ಇದನ್ನು ದಾಖಲೆಗೆ ತೆಗೆದುಕೊಳ್ಳಿ ಎಂದು ಕೋರಿ. ತಡವಾದ ನಿಜವಾದ ಕಾರಣವನ್ನು ಎರಡು ಸಾಲಿನಲ್ಲಿ ಹೇಳಿ. ಆಸ್ಪತ್ರೆಯಲ್ಲಿದ್ದರೆ ದಾಖಲೆ ಲಗತ್ತಿಸಿ. ಮರೆತಿದ್ದರೆ ಮರೆತೆ ಎಂದೇ ಬರೆಯಿರಿ. ನೋಟಿಸ್ ಬಂದೇ ಇಲ್ಲವೆಂದು ಮಾತ್ರ ಹೇಳಬೇಡಿ, ಅಂಚೆಯ ದಾಖಲೆ ಅವರ ಬಳಿ ಇರುತ್ತದೆ. ಮೇಲ್ನೋಟದ ಅಭಿಪ್ರಾಯ ಬಂದುಬಿಟ್ಟಿದ್ದರೂ ವಿಚಾರಣೆಯ ಹಂತದಲ್ಲಿ ಉತ್ತರ ಕೊಡಲು ಮತ್ತೆ ಅವಕಾಶವಿದೆ. ತಡವಾಗಿ ಬಂದರೂ ಕಾಗದ ಕೊಟ್ಟವರಿಗೂ ಕೊನೆಯವರೆಗೆ ಬಾಯಿ ಬಿಡದವರಿಗೂ ಸಮಿತಿ ಒಂದೇ ಅಳತೆ ಹಿಡಿದದ್ದನ್ನು ನಾನು ಕಂಡಿಲ್ಲ.

ಆದೇಶ ವಿರುದ್ಧವಾಗಿ ಬಂದರೆ, ಅದು ತಲುಪಿದ ದಿನದಿಂದ 90 ದಿನಗಳಲ್ಲಿ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಎನ್‌ಎಫ್‌ಆರ್‌ಎ ಆದೇಶವಾದರೆ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ. ಆದೇಶ ಬಂದ ಲಕೋಟೆಯ ಮೂಲೆಯಲ್ಲೂ ತಾರೀಕು ಬರೆಯಿರಿ, ಮೇಲ್ಮನವಿಯ ಜೊತೆಗೇ ಶಿಕ್ಷೆಗೆ ತಡೆಯಾಜ್ಞೆ ಕೋರುವ ಅರ್ಜಿಯನ್ನೂ ಹಾಕಿ. ತಡೆ ಸಿಗುವವರೆಗೆ ಯಾವ ವರದಿಗೂ ಸಹಿ ಹಾಕಬೇಡಿ, ಗಡುವು ಹತ್ತಿರವಿರುವ ಕಕ್ಷಿದಾರರಿಗೆ ಅದೇ ದಿನ ತಿಳಿಸಿ ಅವರ ಪುಸ್ತಕಗಳನ್ನು ಮರಳಿಸಿ.