ಕೆಲಸಕ್ಕೆ ಹೋಗಿಬರುವ ಹೊತ್ತು ಮೈಗೆ ಭಾರವಾಗದಿರಲು ಏನು ಮಾಡಬೇಕು?

ಲಂಡನ್ನಿನ ಡಬಲ್ ಡೆಕರ್ ಬಸ್ಸಿನಲ್ಲಿ ಚಾಲಕನಿಗೂ ನಿರ್ವಾಹಕನಿಗೂ ಒಂದೇ ಮಾರ್ಗ, ಒಂದೇ ಟ್ರಾಫಿಕ್ಕು, ಕುಡಿಯುವ ಹೊಗೆಯೂ ಒಂದೇ. ಆದರೂ ಹೃದಯದ ಕಾಯಿಲೆ ಚಾಲಕರನ್ನೇ ಹೆಚ್ಚಾಗಿ ಕಾಡುತ್ತಿತ್ತು. ಜೆರ್ರಿ ಮಾರಿಸ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು 1953ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಈ ಅಂತರವನ್ನು ತೋರಿಸಿದರು. ಚಾಲಕ ಪಾಳಿಯುದ್ದಕ್ಕೂ ಕೂತೇ ಇರುತ್ತಿದ್ದ. ನಿರ್ವಾಹಕ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದ. ಪೂರ್ತಿ ಅಂತರವನ್ನು ಮೆಟ್ಟಿಲಿನ ಲೆಕ್ಕಕ್ಕೇ ಬರೆಯುವಂತಿಲ್ಲ ಅನ್ನಿ. ಚಿಕ್ಕ ವಯಸ್ಸಿನ ಚಾಲಕರೂ ಸೊಂಟದಲ್ಲಿ ನಿರ್ವಾಹಕರಿಗಿಂತ ದಪ್ಪಗಿದ್ದರೆಂದು ಸಮವಸ್ತ್ರದ ಅಳತೆ ಹಿಡಿದು ಮುಂದೆ ತೋರಿಸಿಕೊಟ್ಟವರೂ ಮಾರಿಸ್ ತಂಡದವರೇ.

ನಾವು ಸಾಮಾನ್ಯವಾಗಿ ದೂರವನ್ನು ಶಪಿಸುತ್ತೇವೆ. ಆ ದೂರ ಸವೆಯುವಷ್ಟು ಹೊತ್ತು ಕಾಲು, ಶ್ವಾಸಕೋಶ, ಬೆನ್ನು ಏನು ಮಾಡುತ್ತಿವೆ ಎಂಬುದನ್ನು ನೋಡಿದರೆ ಹೆಚ್ಚು ಉಪಯೋಗ. ಮನೆ ಬದಲಿಸುವುದು, ಕೆಲಸ ಬಿಡುವುದು ಎಲ್ಲರ ಕೈಲಾಗುವ ಮಾತಲ್ಲ. ದಾರಿಯ ಒಂದು ತುಂಡನ್ನು ಬದಲಿಸುವುದು ಬಹುಪಾಲು ಜನರಿಗೆ ಸಾಧ್ಯ.

1. ಒಂದು ವಾರ ಲೆಕ್ಕ ಬರೆಯಿರಿ

ಬಾಗಿಲಿನಿಂದ ಬಾಗಿಲಿಗೆ ಎಷ್ಟು ನಿಮಿಷ ನಡೆದಿರಿ, ಎಷ್ಟು ಹೊತ್ತು ನಿಂತಿರಿ, ಎಷ್ಟು ಹೊತ್ತು ಕೂತಿರಿ? ಮೊಬೈಲಿನಲ್ಲಿ ಬರೆದುಕೊಂಡರೂ ಸಾಕು. ಸ್ವಂತ ವಾಹನದವರ ಲೆಕ್ಕದಲ್ಲಿ ನಡಿಗೆಯ ಕಲಮು ಹೆಚ್ಚುಕಡಿಮೆ ಖಾಲಿ ಇರುತ್ತದೆ. ಬಸ್ಸು, ರೈಲು ಹಿಡಿಯುವವರು ಗೊತ್ತಿಲ್ಲದೆಯೇ ನಡೆದಿರುತ್ತಾರೆ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಲ್ಲಿ ಸಾರ್ವಜನಿಕ ಸಾರಿಗೆ ಬಳಸುವವರಲ್ಲಿ ಅರ್ಧದಷ್ಟು ಜನ ನಿಲ್ದಾಣಕ್ಕೆ ಹೋಗಿಬರಲೆಂದೇ ದಿನಕ್ಕೆ 19 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ನಡೆಯುತ್ತಿದ್ದರು.

2. ಯಾವುದಾದರೂ ಒಂದು ತುದಿಗೆ ನಡಿಗೆ ಸೇರಿಸಿ

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಹೋಗುವಾಗ 15, ಬರುವಾಗ 15 ನಿಮಿಷ ನಡೆದರೆ ಐದು ದಿನಕ್ಕೆ 150 ಆಯಿತು. ಒಂದು ಸ್ಟಾಪ್ ಮೊದಲೇ ಇಳಿಯಿರಿ. ವಾಹನವನ್ನು ಗೇಟಿನ ಪಕ್ಕದಲ್ಲೇ ನಿಲ್ಲಿಸಬೇಕೆಂಬ ಹಟ ಬಿಡಿ. ಮಾತನಾಡಲು ಆಗಬೇಕು, ಹಾಡಲು ಆಗಬಾರದು – ಅಷ್ಟು ಬಿರುಸಿದ್ದರೆ ಅದು ಮಧ್ಯಮ ಶ್ರಮ.

ನನ್ನ ಸಲಹೆ: ಸಂಜೆಯ ನಡಿಗೆಯಿಂದ ಶುರು ಮಾಡಿ. ಬೆಳಗ್ಗೆ ತಡವಾದೀತೆಂಬ ಆತಂಕವಿರುತ್ತದೆ, ಬೆವರಿದ ಬಟ್ಟೆಯಲ್ಲೇ ದಿನವಿಡೀ ಕೂರಬೇಕಾಗುತ್ತದೆ; ಮೂರನೇ ದಿನಕ್ಕೇ ಉತ್ಸಾಹ ಇಳಿಯುತ್ತದೆ. ಮನೆಗೆ ಮರಳುವಾಗ ಈ ತಾಪತ್ರಯಗಳಿಲ್ಲ. ನಡೆಯುವಾಗ ಎದೆ ಹಿಂಡಿದಂತಾದರೆ ಅಥವಾ ವಿಪರೀತ ಏದುಸಿರು ಬಂದರೆ ನಿಲ್ಲಿಸಿ, ತಡಮಾಡದೆ ವೈದ್ಯರಿಗೆ ತೋರಿಸಿ.

3. ಸೈಕಲ್ ಸಾಧ್ಯವೇ, ಯೋಚಿಸಿ

ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು 2017ರಲ್ಲಿ ‘ಬಿಎಂಜೆ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೈಕಲ್ ತುಳಿದು ಕೆಲಸಕ್ಕೆ ಹೋಗುವವರ ಸಾವಿನ ಅಪಾಯ ವಾಹನ, ಬಸ್ಸು, ರೈಲುಗಳಲ್ಲಿ ಹೋಗುವವರಿಗಿಂತ ಶೇ 41ರಷ್ಟು ಕಡಿಮೆ ಇತ್ತು. ಇದು ಪೂರ್ತಿ ಸೈಕಲ್ಲಿನದೇ ಪುಣ್ಯ ಎನ್ನಲಾಗದು. ಮೊದಲೇ ಗಟ್ಟಿಮುಟ್ಟಾಗಿರುವವರು ಸೈಕಲ್ ಹತ್ತುವುದೂ ಹೆಚ್ಚು. ನಡಿಗೆಯಿಂದ ಹೃದಯಕ್ಕೆ ಒಳಿತಾದದ್ದು ಅಲ್ಲಿಯೂ ಕಂಡಿತ್ತು. ಪೆಡಲ್ ತೀರಾ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಮಡಚಿರುವಂತೆ ಸೀಟಿನ ಎತ್ತರ ಹೊಂದಿಸಿಕೊಳ್ಳಿ. ಹೆಲ್ಮೆಟ್ ಮತ್ತು ಹಿಂದಿನ ಕೆಂಪು ದೀಪದ ವಿಷಯದಲ್ಲಿ ಚೌಕಾಸಿ ಬೇಡ.

4. ಉಸಿರಿಗೆ ದಾರಿ ಹುಡುಕಿ

ಹೊಗೆ ಕುಡಿದು ಸೈಕಲ್ ತುಳಿದರೆ ಬಂದ ಲಾಭ ಹೋಯಿತಲ್ಲ? ಈ ಪ್ರಶ್ನೆಯನ್ನು ಎತ್ತಿಕೊಂಡೇ 2016ರಲ್ಲಿ ಸಂಶೋಧಕರು ಲೆಕ್ಕ ಹಾಕಿದರು. ಪಿಎಂ 2.5 ಎಂಬ ಅತಿಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ 22 ಮೈಕ್ರೊಗ್ರಾಂ ಇರುವ ಕಡೆ ಎಷ್ಟು ತುಳಿದರೂ ಲಾಭದ ತಕ್ಕಡಿಯೇ ತೂಗಿತು. 100 ಮೈಕ್ರೊಗ್ರಾಂ ಇರುವ ಕಡೆ ದಿನಕ್ಕೆ ಒಂದೂವರೆ ಗಂಟೆ ಮೀರಿದರೆ ನಷ್ಟವೇ ಹೆಚ್ಚು ಎಂದು ಲೆಕ್ಕ ಬಂತು. ಹಾಗಾಗಿ ಗಾಳಿ ತೀರಾ ಕೆಟ್ಟ ದಿನ ಬಸ್ಸು ಹತ್ತುವುದರಲ್ಲಿ ತಪ್ಪಿಲ್ಲ.

ಉಳಿದ ದಿನಗಳಲ್ಲಿ ಮುಖ್ಯರಸ್ತೆಗೆ ಸಮಾನಾಂತರವಾದ ಒಳರಸ್ತೆ ಹಿಡಿಯಿರಿ. ಕೆಲವು ನಿಮಿಷ ಹೆಚ್ಚಾದರೂ ಆದೀತು. ಸಿಗ್ನಲ್ಲಿನಲ್ಲಿ ಲಾರಿಯ ಸೈಲೆನ್ಸರಿನ ಹಿಂದೆಯೇ ನಿಲ್ಲಬೇಡಿ. ಬಟ್ಟೆಯ ಮಾಸ್ಕ್ ಕಣ್ಣಿಗೆ ಕಾಣುವ ದೂಳನ್ನು ತಡೆದೀತು, ಸಣ್ಣ ಕಣಗಳನ್ನು ತಡೆಯಲು ಎನ್95 ಬೇಕು, ಅದೂ ಮುಖಕ್ಕೆ ಬಿಗಿಯಾಗಿ ಕೂತಿದ್ದರೆ ಮಾತ್ರ. ಗಡ್ಡ ದಟ್ಟವಾಗಿದ್ದರೆ ಅದು ಬಿಗಿಯಾಗಿ ಕೂರುವುದಿಲ್ಲ. ಕಾರಿನಲ್ಲಿ ಹೋಗುವವರು ತಾವು ಸುರಕ್ಷಿತ ಎಂದುಕೊಳ್ಳುತ್ತಾರೆ. ಮುಂದಿನ ವಾಹನದ ಹೊಗೆ ಒಳಗೂ ಬರುತ್ತದೆ. ದಟ್ಟಣೆಯಲ್ಲಿ ಹೊರಗಿನ ಗಾಳಿಯನ್ನು ಬಂದ್ ಮಾಡುವ ಗುಂಡಿ ಒತ್ತಿ, ರಸ್ತೆ ತೆರವಾದ ಮೇಲೆ ಮರೆಯದೆ ತೆಗೆಯಿರಿ. ಇಲ್ಲದಿದ್ದರೆ ಒಳಗೆ ಇಂಗಾಲದ ಡೈಆಕ್ಸೈಡ್ ಏರಿ ತೂಕಡಿಕೆ ಬರುತ್ತದೆ.

5. ಬೆನ್ನು ಮತ್ತು ಕಿವಿ

ಹಿಂದಿನ ಜೇಬಿನ ಪರ್ಸ್ ತೆಗೆದಿಟ್ಟು ಕೂರಿ, ಸೊಂಟ ಓರೆಯಾಗುವುದು ತಪ್ಪುತ್ತದೆ. ಬ್ಯಾಗನ್ನು ಒಂದೇ ಹೆಗಲಿಗೆ ನೇತುಹಾಕಬೇಡಿ. ಬಸ್ಸಿನ ಸದ್ದು ಮೀರಿಸಲು ಇಯರ್‌ಫೋನಿನ ಧ್ವನಿ ಏರಿಸುವ ಚಾಳಿ ಕಿವಿಗೆ ಕೆಟ್ಟದ್ದು. ಕಿವಿಯನ್ನು ಚೆನ್ನಾಗಿ ಮುಚ್ಚುವಂಥದ್ದಾದರೆ ಕಡಿಮೆ ಧ್ವನಿಯಲ್ಲೇ ಕೇಳಿಸುತ್ತದೆ. ವಾಹನ ಓಡಿಸುವಾಗ, ರಸ್ತೆ ದಾಟುವಾಗ ಅದೂ ಬೇಡ.

6. ನಿದ್ದೆಯನ್ನು ರಸ್ತೆಗೆ ಕೊಡಬೇಡಿ

ದೂರದ ಓಡಾಟದಲ್ಲಿ ಮೊದಲು ಕತ್ತರಿ ಬೀಳುವುದು ನಿದ್ದೆಗೆ, ಆಮೇಲೆ ವ್ಯಾಯಾಮಕ್ಕೆ. ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆ ನಿದ್ದೆ ಬೇಕು. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿದಿರುತ್ತದೆ. ಕಚೇರಿಯ ವೇಳೆಯನ್ನು ಅರ್ಧ ಗಂಟೆ ಹಿಂದೆಮುಂದೆ ಮಾಡಿಕೊಡಲು ಸಾಧ್ಯವೇ ಎಂದು ಕೇಳಿ ನೋಡಿ. ಬರಿಗೈಯಲ್ಲಿ ಕೇಳಬೇಡಿ. ಮೊದಲ ವಾರ ಬರೆದಿಟ್ಟ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ: ಯಾವ ಹೊತ್ತಿಗೆ ಹೊರಟರೆ ಎಷ್ಟು ನಿಮಿಷ ಉಳಿಯುತ್ತದೆಂದು ತೋರಿಸಿದರೆ ಮಾತಿಗೆ ತೂಕ ಬರುತ್ತದೆ.

ಮನೆಗೆ ಓಡಿಸಿಕೊಂಡು ಬರುವಾಗ ರೆಪ್ಪೆ ಭಾರವಾದರೆ ಕಿಟಕಿ ತೆಗೆಯುವುದರಿಂದ, ರೇಡಿಯೊ ಜೋರು ಮಾಡುವುದರಿಂದ ಹೆಚ್ಚೇನೂ ಆಗದು. ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, 15–20 ನಿಮಿಷ ಕಣ್ಣು ಮುಚ್ಚಿ. ಎದ್ದ ಕೂಡಲೇ ಗಾಡಿ ಹೊರಡಿಸದೆ, ಮಂಪರು ಹರಿಯುವವರೆಗೆ ಕೆಳಗಿಳಿದು ಓಡಾಡಿ.